ಅಂಗೈ ಅಗಲದ 500 ವ್ಯಾಟ್

(ನಮ್ಮ ಕುಟುಂಬದ ಗುಂಪಿನಲ್ಲಿ ಭಾನುವಾರ ನಡೆದದ್ದು. ನಡುವೆ ಬಂದ ಶುಭೋದಯದ ಹೂವು, ಅಡಿಕೆ ಕೊಳೆ ರೋಗದ ಫೋಟೋ ಎಲ್ಲ ತೆಗೆದಿದ್ದೇನೆ.)

ಕುಮಟಾ ಭಾವ: (ಫೋಟೋ) ಮಾಣಿ, ಇದು ನೋಡು. ಕ್ಲಾಸ್ ಎ ಹೈಫೈ ಆಂಪ್ಲಿಫೈಯರ್, 500 ವ್ಯಾಟ್. ಬೆಲೆ 2,499. ಅಂಗೈ ಅಗಲ ಇದೆ ಅಷ್ಟೇ. ನೀನು ಮಳೆಗಾಲ ಪೂರ್ತಿ ಕೂತು ಮಾಡಿದ್ದು ಎಷ್ಟು ವ್ಯಾಟ್?

ನಾನು: 10 ಭಾವ. ಒಂದೊಂದು ಬದಿಗೆ.

ಕುಮಟಾ ಭಾವ: ಹತ್ತು! ನಮ್ಮ ಜಗಲಿಯ ಬಲ್ಬೂ ಅಷ್ಟೇ ಮಾರಾಯ.

ಕುಮಟಾ ಅಕ್ಕ: ಮಾಣಿ ಮಾಡಿದ್ದರ ಭಾರವೋ! ಟೀಪಾಯಿ ಮೇಲಿಂದ ಸರಿಸಲಿಕ್ಕೆ ಹೋಗಿ ನನ್ನ ಸೊಂಟ ಹಿಡಿದಿತ್ತು.

ನಾನು: ಭಾವ, ಫೋಟೋದಲ್ಲಿರುವುದು ಕ್ಲಾಸ್ ಎ ಆಗಲಿಕ್ಕೆ ಸಾಧ್ಯವೇ ಇಲ್ಲ.

ಶಿರಸಿ ದೊಡ್ಡಪ್ಪ: ಮೇಲೆ ಬರೆದಿದ್ದಾರಲ್ಲ. ಸುಮ್ನೆ ಬರೆಯುತ್ತಾರಾ?

ನಾನು: ಬರೆಯಲಿಕ್ಕೆ ಏನು ಖರ್ಚು ದೊಡ್ಡಪ್ಪ? ಕ್ಲಾಸ್ ಎ ಅಂದರೆ ಸ್ಪೀಕರ್ ನಡೆಸುವ ಔಟ್‌ಪುಟ್ ಟ್ರಾನ್ಸಿಸ್ಟರ್‌ನಲ್ಲಿ ಕರೆಂಟ್ ನಿಲ್ಲುವ ಹಾಗೇ ಇಲ್ಲ. ಹಾಡು ಇರಲಿ, ಇಲ್ಲದಿರಲಿ, ಹರಿಯುತ್ತಲೇ ಇರಬೇಕು. ನಾನು ಮಾಡಿದ್ದು ಜಾನ್ ಲಿನ್ಸ್ಲಿ ಹುಡ್ ಎಂಬುವವರು 1969ರಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಕೊಟ್ಟ ಸರ್ಕ್ಯೂಟ್. ಒಂದು ಚಾನೆಲ್‌ಗೆ, ಅಂದರೆ ಒಂದು ಬದಿಯ ಸ್ಪೀಕರ್‌ಗೆ, ನಾಲ್ಕೇ ಟ್ರಾನ್ಸಿಸ್ಟರ್. 27 ವೋಲ್ಟ್, 1.2 ಆಂಪಿಯರ್. ಗುಣಿಸಿ, 32 ವ್ಯಾಟ್ ಆಯಿತು. ಅದರಲ್ಲಿ ಸ್ಪೀಕರ್‌ಗೆ ಹೋಗುವುದು ಜಾಸ್ತಿ ಅಂದರೆ 10. ಹಾಡು ಇಲ್ಲದಾಗ ಪೂರ್ತಿ 32 ಬರೀ ಬಿಸಿ. ಅದಕ್ಕೇ ಬಿಸಿ ಹೊರಗೆ ಬಿಡಲಿಕ್ಕೆ ಅಷ್ಟು ದೊಡ್ಡ ಅಲ್ಯೂಮಿನಿಯಂ ಹೀಟ್‌ಸಿಂಕ್. ಅದಕ್ಕೇ ಅಕ್ಕನ ಸೊಂಟ.

ನಾನು: ಈಗ ನಿಮ್ಮ 500. ಎಷ್ಟೇ ಒಳ್ಳೆಯ ಕ್ಲಾಸ್ ಎ ಆದರೂ ಒಳಗೆ ಹೋದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗೆ ಬರುವುದಿಲ್ಲ. ಅಂದರೆ ಸುಮ್ಮನೆ ಕೂತಾಗಲೂ 1000 ವ್ಯಾಟ್ ಉರಿಯಬೇಕು. ಇಸ್ತ್ರಿ ಪೆಟ್ಟಿಗೆಯಷ್ಟು. ಅಂಗೈ ಅಗಲದ ಡಬ್ಬ ಯಾವಾಗಲೋ ಸುಟ್ಟು ಹೋಗುತ್ತಿತ್ತು.

ಆಯಿ: ಕರೆಂಟ್ ಬಿಲ್ಲಿನ ವಿಷಯ ಮಾತ್ರ ಎತ್ತಲಿಲ್ಲ ನೋಡಿ ಇವ.

ನಾನು: ಆಯಿ, ಎರಡೂ ಚಾನೆಲ್, ಟ್ರಾನ್ಸ್‌ಫಾರ್ಮರ್ ನಷ್ಟ ಎಲ್ಲ ಸೇರಿ 80 ವ್ಯಾಟ್ ಹಿಡಿ. ದಿನಾ ನಾಲ್ಕು ತಾಸು ಹಾಕಿದರೂ ತಿಂಗಳಿಗೆ 10 ಯೂನಿಟ್ ಒಳಗೆ.

ಆಯಿ: ನಾಲ್ಕು ತಾಸಿಗೆ ಬಂದ್ ಮಾಡುವ ಜನವಾ ನೀನು?

ಹೊನ್ನಾವರ ಅತ್ತೆ: ಆ ಗುಂಯ್ ಶಬ್ದ ಹೋಯಿತಾ? ಚೌತಿಗೆ ಬಂದಾಗ ತಾಳಮದ್ದಲೆ ಹಾಕಿದ್ದೆಯಲ್ಲ, ಭಾಗವತರಿಗಿಂತ ಅದೇ ಜೋರಿತ್ತು.

ನಾನು: ಹೋಯಿತು ಅತ್ತೆ. ಅದು 100 ಹರ್ಟ್ಸ್. ಲೈನಿನ ಕರೆಂಟ್ 50, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್ ದಾಟಿದ ಮೇಲೆ ದುಪ್ಪಟ್ಟು. ಮೊದಲು ಆ ಏರಿಳಿತ ತಗ್ಗಿಸಲಿಕ್ಕೆ ದೊಡ್ಡ ಕೆಪ್ಯಾಸಿಟರ್ ಹಾಕಿದೆ, ಚೂರು ಇಳಿಯಿತು. ಆಮೇಲೆ ಇನ್‌ಪುಟ್ ಗ್ರೌಂಡ್ ವೈರಿನ ಹಿಂದೆ ಬಿದ್ದೆ. ಅದರ ತುದಿ ಬ್ರಿಡ್ಜ್ ಮತ್ತು ಕೆಪ್ಯಾಸಿಟರ್ ನಡುವೆ ಸೋಲ್ಡರ್ ಆಗಿತ್ತು. ಕೆಪ್ಯಾಸಿಟರ್ ತುಂಬುವಾಗಿನ ಹೊಡೆತವೆಲ್ಲ ಹಾಡಿಗೆ ಸೇರುತ್ತಿತ್ತು. ಅಲ್ಲಿಂದ ಬಿಡಿಸಿ ಕೆಪ್ಯಾಸಿಟರ್‌ನ ಆಚೆ, ಸ್ಪೀಕರ್ ಗ್ರೌಂಡ್ ಬಂದು ಕೂಡುವಲ್ಲಿ ಹಾಕಿದೆ. ಗೇಣುದ್ದದ ವೈರು ಅಷ್ಟೇ. ಈಗ ಸ್ಪೀಕರ್‌ಗೆ ಕಿವಿ ಹಚ್ಚಿದರೆ ಮಾತ್ರ ಕೇಳುತ್ತದೆ.

ಕುಮಟಾ ಭಾವ: ಪುರಾಣ ಸಾಕು. 500ರ ಎದುರು 10 ಎಲ್ಲಿ ಸಾಲುತ್ತದೆ ಹೇಳು.

ನಾನು: ಮನೆಯ ಸ್ಪೀಕರ್‌ಗೆ 1 ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 87-88 ಡೆಸಿಬೆಲ್ ಬರುತ್ತದೆ. ಅದೇ ಜೋರಾಯಿತು. ನಿಮ್ಮ ಹಾಲ್‌ನಲ್ಲಿ ನೀವು 2-3 ವ್ಯಾಟ್ ದಾಟುವುದಿಲ್ಲ. ಅಕ್ಕ ಬಿಡುವುದೂ ಇಲ್ಲ.

ಕುಮಟಾ ಅಕ್ಕ: ಬಿಡುವುದಿಲ್ಲ.

ಶಿರಸಿ ದೊಡ್ಡಪ್ಪ: ಹಾಗಾದ್ರೆ ಆ ಡಬ್ಬ ಪೂರಾ ಮೋಸವಾ?

ನಾನು: ಇಲ್ಲ ದೊಡ್ಡಪ್ಪ, ಹಾಡು ಬರುತ್ತದೆ. ಚೆನ್ನಾಗಿಯೇ ಬರಬಹುದು. ಒಳಗೆ ಕರೆಂಟನ್ನು ಚಕಚಕನೆ ಹಾಕಿ ತೆಗೆದು ಕೆಲಸ ಮಾಡುವ ಕ್ಲಾಸ್ ಡಿ ಚಿಪ್ ಇರುತ್ತದೆ. ನೂರಕ್ಕೆ 90ರಷ್ಟು ಸ್ಪೀಕರ್‌ಗೇ ಹೋಗುತ್ತದೆ, ಹೆಚ್ಚು ಬಿಸಿಯೂ ಇಲ್ಲ. ಚೌತಿ ಪೆಂಡಾಲಿಗಾದರೆ ನಾನೂ ಅದನ್ನೇ ತರುತ್ತೇನೆ. ಕಣ್ಣು ಕಟ್ಟಿ ಕೂರಿಸಿದರೆ ಯಾವುದು ಯಾವುದು ಅಂತ ನನಗೂ ಹೇಳಲಿಕ್ಕೆ ಬರಲಿಕ್ಕಿಲ್ಲ. ಆದರೆ ಡಬ್ಬದ ಮೇಲೆ ಸುಳ್ಳು ಯಾಕೆ?

ಕುಮಟಾ ಭಾವ: ಕಿವಿಗೇ ಗೊತ್ತಾಗದಿದ್ದರೆ ನಿನ್ನದು ಎಂಥಕ್ಕೆ ಬೇಕಿತ್ತು?

ನಾನು: ಮಾಡಲಿಕ್ಕೆ ಭಾವ! 3055 ಟ್ರಾನ್ಸಿಸ್ಟರ್‌ನ ಲೋಹದ ಮೈಯೇ ಕಲೆಕ್ಟರ್, ಅಂದರೆ ಕರೆಂಟ್ ಹರಿಯುವ ಒಂದು ತುದಿ; ಅದು ಹೀಟ್‌ಸಿಂಕ್‌ಗೆ ತಾಗಬಾರದು. ಅದರ ಅಡಿಗೆ ಅಭ್ರಕದ ತೆಳು ಹಾಳೆ, ಹಾಳೆಯ ಎರಡೂ ಬದಿ ಬಿಳಿ ಪೇಸ್ಟ್, ಆಮೇಲೆ ಸ್ಕ್ರೂ. ಪ್ರಿಸೆಟ್ ಎಂಬ ಸಣ್ಣ ತಿರುಗಣೆ ತಿರುಗಿಸಿ ನಡುವಿನ ವೋಲ್ಟೇಜ್ 27ರ ಅರ್ಧಕ್ಕೆ, 13.5ಕ್ಕೆ ನಿಲ್ಲಿಸಬೇಕು. ಅರ್ಧ ತಾಸು ಬಿಟ್ಟು ನೋಡಿದರೆ ಬಿಸಿಗೆ ಅದು ಸರಿದಿರುತ್ತದೆ, ಮತ್ತೆ ತಿರುಗಿಸಬೇಕು. ಕಾರವಾರದ ಉಪ್ಪು ಗಾಳಿಗೆ ವಾಲ್ಯೂಮ್ ಕರಕರ ಅಂದರೂ ನಾನೇ ಬಿಚ್ಚುತ್ತೇನೆ. ನಿಮ್ಮ ಡಬ್ಬ ಕೆಟ್ಟರೆ ಯಾರು ಬಿಚ್ಚುತ್ತಾರೆ?

ನಾನು: ಅದಿರಲಿ, ಜಾಹೀರಾತಿನಲ್ಲಿ ಅಡಾಪ್ಟರ್ ಫೋಟೋ ಇದ್ದರೆ ಹಾಕಿ. ಅದರ ಹಿಂದೆ ಇರುವ ಬರಹ ಓದುವ ಹಾಗಿರಲಿ.

ಕುಮಟಾ ಭಾವ: ಜಾಹೀರಾತು ಎಂಥಕ್ಕೆ, ಡಬ್ಬವೇ ಮನೆಯಲ್ಲಿದೆ.

ಕುಮಟಾ ಅಕ್ಕ: ಎಂಥದು?

ಕುಮಟಾ ಅಕ್ಕ: ಮೊನ್ನೆಯ ಪಾರ್ಸೆಲ್ ಪಂಪಿನ ಸ್ಟಾರ್ಟರ್ ಅಂದಿದ್ದಿರಲ್ಲ!

ಕುಮಟಾ ಭಾವ: (ಸಂದೇಶ ಅಳಿಸಲಾಗಿದೆ)

ಕುಮಟಾ ಭಾವ: (ಫೋಟೋ) ಇದು ಅಡಾಪ್ಟರ್.

ಶಿರಸಿ ದೊಡ್ಡಪ್ಪ: ಕನ್ನಡಕ ಹಾಕಿ ಓದಿದೆ. 12 ವೋಲ್ಟ್, 5 ಆಂಪಿಯರ್. ಗುಣಿಸಿದರೆ 60. ಅಳಿಯಂದಿರೇ, ಒಳಗೆ 60 ಹೋಗಿ ಹೊರಗೆ 500 ಬರುವುದಾದರೆ ಕೈಗಾದ ಅಣು ವಿದ್ಯುತ್ ಸ್ಥಾವರ ಎಂಥಕ್ಕೆ, ನಿಮ್ಮ ಡಬ್ಬವೇ ಸಾಕಲ್ಲ?

ಹೊನ್ನಾವರ ಅತ್ತೆ: ದೊಡ್ಡಪ್ಪ ಪಾಸ್!

ಕುಮಟಾ ಭಾವ: ಆಯಿತು, ಆಯಿತು. ವಾಪಸ್ ಕೊಡಲಿಕ್ಕೆ ನಾಡಿದ್ದಿನ ತನಕ ಟೈಮ್ ಇದೆ. ಬಂದ ರಟ್ಟಿನ ಪೆಟ್ಟಿಗೆಯಲ್ಲೇ ಹಾಕಿ ಕೊಡಬೇಕಂತೆ. ಅದು ಎಲ್ಲಿಟ್ಟಿದ್ದೀಯೇ?

ಕುಮಟಾ ಅಕ್ಕ: ನಿನ್ನೆಯೇ ಬಚ್ಚಲ ಒಲೆಗೆ ಹಾಕಿ ಆಯಿತು.