ಮೂಡುಬಿದಿರೆಯ ಚೌಟರ ಅರಮನೆ ಒಳಗೆ ನೋಡಲು ಬಿಡ್ತಾರಾ?

ತುಮಕೂರಿನವ:
ಮುಂದಿನ ವಾರ ಮನೆಯವರ ಜೊತೆ ಮೂಡುಬಿದಿರೆಗೆ ಹೋಗ್ತಿದ್ದೇವೆ. ಯಾರನ್ನು ಕೇಳಿದರೂ ಸಾವಿರ ಕಂಬದ ಬಸದಿ ಅಂತಾರೆ, ಅಲ್ಲಿಗೆ ಮಾತು ಮುಗೀತು. ಊರಲ್ಲಿ ಚೌಟ ಅರಸರ ಅರಮನೆಯೂ ಇದೆ ಅಂತ ಓದಿದೆ. ರಾಣಿ ಅಬ್ಬಕ್ಕ ಇದೇ ಮನೆತನದವರಾ? ನೋಡೋಕೆ ಏನಿದೆ ಅಲ್ಲಿ?

ಬೆದ್ರದವ:
ಖಂಡಿತ ಹೋಗಿ. ಆದರೆ ಮೈಸೂರು ಅರಮನೆ ಥರ ಇರುತ್ತೆ ಅಂದ್ಕೋಬೇಡಿ, ಹೆಂಚಿನ ಮಾಡಿನ ಹಳೇ ಮನೆ ಅದು. ನೋಡಬೇಕಾದ್ದು ಮರದ ಕಂಬಗಳನ್ನು. ಒಂದರಲ್ಲಿ ನವನಾರಿ ಕುಂಜರ ಇದೆ. ದೂರದಿಂದ ಬರೀ ಆನೆ. ಹತ್ತಿರ ಹೋದರೆ ಒಂಬತ್ತು ಹೆಂಗಸರು ಒಬ್ಬರಿಗೊಬ್ಬರು ಹೆಣೆದುಕೊಂಡು ಆನೆಯ ಮೈ ಆಗಿದ್ದಾರೆ, ಯಾರ ಕಾಲು ಯಾವುದು ಅಂತ ಹುಡುಕುತ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಇನ್ನೊಂದು ಪಂಚನಾರಿ ತುರಗ, ಐದು ಹೆಂಗಸರು ಸೇರಿ ಕುದುರೆ. ಮಕ್ಕಳಿಗೆ ತುಂಬಾ ಇಷ್ಟ ಆಗುತ್ತೆ.
ಒಂದು ಮಾತು. ಅದು ಮನೆತನದವರು ಇರುವ ಮನೆ. ಸುಮ್ನೆ ಒಳಗೆ ನುಗ್ಗಿ ಫೋಟೋ ತೆಗೀಬೇಡಿ, ಕೇಳಿ ಹೋಗಿ.

ಕಡಲ ತಡಿಯವಳು:
ಹೌದು, ಅಬ್ಬಕ್ಕ ಚೌಟರ ಮನೆಯವರೇ. ಚೌಟರು ಜೈನರು, ಅಳಿಯಸಂತಾನದವರು. ಅಂದರೆ ಅಧಿಕಾರ ಮಗನಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತೆ. ಹಾಗಾಗಿಯೇ ಸೋದರಮಾವ ತಿರುಮಲರಾಯನ ನಂತರ ಉಳ್ಳಾಲದ ಪಟ್ಟ ಅಬ್ಬಕ್ಕನಿಗೆ ಬಂತು. 16ನೇ ಶತಮಾನದಲ್ಲಿ ಪೋರ್ಚುಗೀಸರು ಕಪ್ಪ ಕೇಳಿದಾಗ ಕೊಡಲ್ಲ ಅಂತ ಎದುರು ನಿಂತ ಹೆಣ್ಣುಮಗಳು. ಶಾಲೆಯ ಪಾಠದಲ್ಲಿ ಇವರ ಬಗ್ಗೆ ಇನ್ನೂ ಜಾಸ್ತಿ ಇರಬೇಕಿತ್ತು ಅಂತ ನನಗೆ ಯಾವಾಗಲೂ ಅನ್ಸುತ್ತೆ.

ತುಮಕೂರಿನವ:
ಇಬ್ಬರಿಗೂ ಥ್ಯಾಂಕ್ಸ್. ಆಮೇಲೆ ಚೌಟರ ಆಳ್ವಿಕೆ ಏನಾಯ್ತು?

ಬೆದ್ರದವ:
ಕೆಳದಿ ನಾಯಕರು ಬಲವಾದಾಗ ಅವರ ಕೈಕೆಳಗೆ ಬಂದರು. 1763ರಲ್ಲಿ ಹೈದರಾಲಿ ಆ ನಾಯಕರ ರಾಜಧಾನಿ ಬಿದನೂರು ಹಿಡಿದ ಮೇಲೆ ಕರಾವಳಿಯ ಸಣ್ಣ ಅರಸರ ಕೈಯಲ್ಲಿ ಹೆಚ್ಚೇನೂ ಉಳಿಯಲಿಲ್ಲ. ಬಸದಿಯನ್ನೂ ಬಿಡಬೇಡಿ ಮತ್ತೆ, 1430ರದ್ದು ಅದು, ಒಂದು ಕಂಬದ ಕೆತ್ತನೆ ಇನ್ನೊಂದರಲ್ಲಿಲ್ಲ ಅಂತಾರೆ ಇಲ್ಲಿನವರು. ಮೊದಲು ಬಸದಿ ನೋಡಿ, ಆಮೇಲೆ ಅರಮನೆ. ಸಮಯ ಉಳಿದರೆ ಮಂಗಳೂರು ದಾಟಿ ಉಳ್ಳಾಲಕ್ಕೂ ಹೋಗಬಹುದು.