ಬೋರ್‌ವೆಲ್ ನೀರಿನ ಅಕ್ವೇರಿಯಂ, ಕಲಬುರಗಿಯ ಬಿಸಿಲು: ಯಾವ ಗಿಡ ಬದುಕುತ್ತದೆ?

ಪ್ರಶ್ನೆ (ಗೃಹಿಣಿ, ಕಲಬುರಗಿ):
ಶರಣು ಸರ್. ಮಗನಿಗಾಗಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿ ತಂದಿದ್ದೇವೆ. ಎಂಟು ಗಪ್ಪಿ, ನಾಲ್ಕು ಮೋಲಿ ಮೀನುಗಳಿವೆ. ಮನೆಗೆ ಬರುವುದು ಬೋರ್‌ವೆಲ್ ನೀರು. ಪ್ಲಾಸ್ಟಿಕ್ ಗಿಡ ಬೇಡ, ಜೀವಂತ ಗಿಡವೇ ಬೇಕು ಎಂದು ಮಗ ಹಟ ಹಿಡಿದ. ಅಂಗಡಿಯಲ್ಲಿ ಎರಡು ಬಗೆ ಕೊಟ್ಟರು. ಒಂದು ಲಕ್ಕಿ ಬ್ಯಾಂಬೂ. ಪೂರ್ತಿ ಮುಳುಗಿಸಿ ನೆಟ್ಟೆ, ಹಳದಿಯಾಗಿ ಮೆತ್ತಗಾಯಿತು. ಇನ್ನೊಂದು ದಪ್ಪ ಎಲೆಯ ಗಿಡ, ಬುಡ ಶುಂಠಿಯಂತೆ ಅಡ್ಡವಾಗಿತ್ತು. ಅದನ್ನು ಮರಳಿನಲ್ಲಿ ಚೆನ್ನಾಗಿ ಹೂತಿದ್ದೆ. ಅದೂ ಕೊಳೆತು ವಾಸನೆ ಬಂತು. ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಇಲ್ಲದೆ ಗಿಡ ಬೆಳೆಯುವುದಿಲ್ಲ ಎಂದು ಒಬ್ಬರು ಹೇಳಿದರು. ನಿಜವೇ?

ಉತ್ತರ (ಅಕ್ವೇರಿಯಂ ಅಳವಡಿಕೆ ಮತ್ತು ನಿರ್ವಹಣೆಯ ಕೆಲಸಗಾರ, ಕಲಬುರಗಿ):
ಶರಣು ಅಕ್ಕ. ಸಿಲಿಂಡರ್ ಬೇಡವೇ ಬೇಡ. ಲಕ್ಕಿ ಬ್ಯಾಂಬೂ ನೀರೊಳಗಿನ ಗಿಡವೇ ಅಲ್ಲ. ಬುಡ ನೀರಿನಲ್ಲಿ, ಎಲೆ ಗಾಳಿಯಲ್ಲಿ ಇದ್ದರೆ ಬದುಕುತ್ತದೆ, ಮುಳುಗಿಸಿದರೆ ಕೊಳೆಯುತ್ತದೆ. ಅದನ್ನು ಅಕ್ವೇರಿಯಂ ಗಿಡವೆಂದು ಮಾರುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮಕ್ಕಳ ಮೊದಲ ಉತ್ಸಾಹ ಅಲ್ಲಿಗೇ ಮುಗಿದುಹೋಗುತ್ತದೆ.

ಎರಡನೆಯದು, ನೀವು ಹೇಳಿದ ರೂಪ ನೋಡಿದರೆ, ಅನೂಬಿಯಸ್. ಅದು ಒಳ್ಳೆಯ ಗಿಡ, ಪಶ್ಚಿಮ ಆಫ್ರಿಕಾದ್ದು, ಕಡಿಮೆ ಬೆಳಕಿನಲ್ಲೂ ಬಾಳುತ್ತದೆ. ಆದರೆ ಆ ಶುಂಠಿಯಂಥ ಕಾಂಡವನ್ನು ಹೂಳಬಾರದು. ಹೂತರೆ ಅದು ಕೊಳೆಯುತ್ತದೆ, ಅದರ ಹಿಂದೆಯೇ ಎಲೆಗಳು ಹೋಗುತ್ತವೆ. ಮುಂದಿನ ಸಲ ತಂದಾಗ ಕಾಂಡವನ್ನು ಬೆರಳಿನಿಂದ ಒತ್ತಿ ನೋಡಿ, ಗಟ್ಟಿಯಾಗಿರಬೇಕು. ಒಂದು ಕಪ್ಪು ಕಲ್ಲಿನ ಮೇಲಿಟ್ಟು ಹತ್ತಿಯ ದಾರದಿಂದ ಸಡಿಲವಾಗಿ ಕಟ್ಟಿ. ದಾರ ಕರಗುವ ಹೊತ್ತಿಗೆ ಬೇರು ಕಲ್ಲನ್ನು ಹಿಡಿದಿರುತ್ತದೆ. ಜಾವಾ ಫರ್ನ್ ಎಂಬ ಇನ್ನೊಂದು ನೀರಿನ ಗಿಡಕ್ಕೂ ಇದೇ ಕ್ರಮ, ಆದರೆ ನಮ್ಮ ಬೇಸಿಗೆಯನ್ನು ಅದು ಅನೂಬಿಯಸ್‌ನಷ್ಟು ತಾಳುವುದಿಲ್ಲ.

ಈಗ ಮುಖ್ಯ ವಿಷಯ. ಗಿಡಕ್ಕಾಗಿ ನೀರು ಬದಲಿಸಲು ಹೊರಡಬೇಡಿ, ನಿಮ್ಮ ನೀರಿಗೆ ಒಪ್ಪುವ ಗಿಡ ತನ್ನಿ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ, ಕೂಲರ್‌ನ ಹುಲ್ಲಿನ ಮೇಲೆ ಬಿಳಿಯ ಪದರ ಕಟ್ಟುತ್ತದೆಯಲ್ಲವೇ? ಅದು ಗಡಸು ನೀರಿನ, ಅಂದರೆ ಸುಣ್ಣ ಹೆಚ್ಚಿರುವ ನೀರಿನ ಗುರುತು. ಇಂಥ ನೀರಿನಲ್ಲಿ ಅನೇಕ ನಾಜೂಕು ಗಿಡಗಳು ಸೊರಗುತ್ತವೆ. ಉದ್ದನೆಯ ಪಟ್ಟಿಯಂಥ ಎಲೆಯ ವ್ಯಾಲಿಸ್ನೇರಿಯಾ ಹಾಗಲ್ಲ. ಅದು ಇಂಥ ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್ ಎಂಬ ಲವಣಾಂಶದಿಂದಲೇ ತನಗೆ ಬೇಕಾದ ಇಂಗಾಲವನ್ನು ಎಳೆದುಕೊಳ್ಳಬಲ್ಲದು. ನೀವು ಸಿಲಿಂಡರ್‌ನಿಂದ ಕೊಡಬೇಕೆಂದುಕೊಂಡದ್ದನ್ನು ನಿಮ್ಮ ಬೋರ್‌ವೆಲ್ಲೇ ಕೊಡುತ್ತದೆ. ಮುಂದೆ ಎಲೆಯ ಮೇಲೆ ತೆಳುವಾದ ಬಿಳಿ ಪುಡಿ ಕಂಡರೆ ರೋಗವೆಂದು ಹೆದರಬೇಡಿ. ಗಿಡ ಇಂಗಾಲ ತೆಗೆದುಕೊಂಡ ಮೇಲೆ ಉಳಿದ ಸುಣ್ಣ ಅದು.

ಐದಾರು ವ್ಯಾಲಿಸ್ನೇರಿಯಾ ಸಸಿಗಳನ್ನು ಹಿಂಬದಿಯಲ್ಲಿ ನೆಡಿ. ತೊಳೆದ ಹೊಳೆಯ ಮರಳು ಎರಡು ಇಂಚು ಇದ್ದರೆ ಸಾಕು; ಎರೆಮಣ್ಣು ಹಾಕಿದರೆ ನೀರು ತಿಳಿಯಾಗುವುದೇ ಇಲ್ಲ. ಬೇರು ಒಳಗಿರಲಿ, ಎಲೆಗಳು ಹುಟ್ಟುವ ಬಿಳಿ ಬುಡ ಮರಳಿನ ಮೇಲೆ ಕಾಣುತ್ತಿರಲಿ. ಜೊತೆಗೆ ಒಂದು ಹಿಡಿ ಹಾರ್ನ್‌ವರ್ಟ್ ತೇಲಿಬಿಡಿ. ಅದಕ್ಕೆ ಬೇರೇ ಇಲ್ಲ, ನೆಡುವ ಗೋಜಿಲ್ಲ, ಗಪ್ಪಿ ಮರಿಗಳು ಅದರಲ್ಲಿ ಅಡಗಿ ಬದುಕುತ್ತವೆ. ಹೊಸ ನೀರಿಗೆ ಬಂದಾಗ ಒಂದಷ್ಟು ಉದುರುತ್ತದೆ, ಎತ್ತಿ ಬಿಸಾಡಿ. ಎಲ್‌ಇಡಿ ದೀಪ ದಿನಕ್ಕೆ ಏಳು ತಾಸು ಸಾಕು. ಕಿಟಕಿಯ ಬಿಸಿಲು ತೊಟ್ಟಿಗೆ ಬೀಳಬಾರದು. ಪಾಚಿಯೂ ಹೆಚ್ಚುತ್ತದೆ, ನೀರೂ ಕಾಯುತ್ತದೆ.

ಪ್ರಶ್ನೆ (ಅದೇ ಗೃಹಿಣಿ):
ಮೇ ತಿಂಗಳಿನಲ್ಲಿ ಏನು ಮಾಡಲಿ ಸರ್? ಮಧ್ಯಾಹ್ನ ಕೈ ಹಾಕಿದರೆ ನೀರು ಬೆಚ್ಚಗಿರುತ್ತದೆ.

ಉತ್ತರ:
ಕೂಲರ್ ಹೇಗೆ ತಂಪು ಮಾಡುತ್ತದೆಯೋ ಅದೇ ಉಪಾಯ. ಮುಚ್ಚಳ ತೆಗೆದು ಜಾಲರಿ ಹಾಕಿ, ಸಣ್ಣ ಫ್ಯಾನಿನ ಗಾಳಿ ನೀರಿನ ಮೇಲ್ಮೈಗೆ ಓರೆಯಾಗಿ ಬೀಳುವಂತೆ ಇಡಿ. ನೀರು ಆವಿಯಾಗುತ್ತ ಎರಡು ಮೂರು ಡಿಗ್ರಿ ತಂಪಾಗುತ್ತದೆ. ಆವಿಯಾಗುವುದು ನೀರು ಮಾತ್ರ, ಸುಣ್ಣ ತೊಟ್ಟಿಯಲ್ಲೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟನ್ನು ಆರ್‌ಒ ನೀರಿನಿಂದ ತುಂಬಿ. ಆರ್‌ಒ ಯಂತ್ರ ಹೊರಬಿಡುವ ನೀರನ್ನು ಮಾತ್ರ ಹಾಕಬೇಡಿ, ಅದು ಬೋರ್‌ವೆಲ್ ನೀರಿಗಿಂತಲೂ ಗಡಸು. ಏರ್ ಪಂಪನ್ನು ರಾತ್ರಿ ನಿಲ್ಲಿಸಬೇಡಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಕತ್ತಲಲ್ಲಿ ಗಿಡಗಳೂ ಆಮ್ಲಜನಕವನ್ನೇ ಬಳಸುತ್ತವೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಕಾರಣ ಬಹುಮಟ್ಟಿಗೆ ಇದೇ. ವಿದ್ಯುತ್ ಕೈಕೊಡುವ ಬಡಾವಣೆಯಾದರೆ ಬ್ಯಾಟರಿಯ ಪಂಪ್ ಒಂದು ಇರಲಿ.

ಪ್ರಶ್ನೆ (ವಿದ್ಯಾರ್ಥಿ, ಚಿತ್ತಾಪುರ):
ಅಣ್ಣ, ಗಿಡ ಕಟ್ಟಲು ಶಹಾಬಾದ್ ಕಲ್ಲಿನ ಚೂರು ಆಗುತ್ತದೆಯೇ? ನಮ್ಮಲ್ಲಿ ಅದೇ ಸಿಗುವುದು. ಗಿಡವನ್ನು ಊರ ಕೆರೆಯಿಂದ ತರಬಹುದೇ?

ಉತ್ತರ:
ತಮ್ಮಾ, ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಅದರ ಮೇಲೆ ನಿಂಬೆರಸದ ಹನಿ ಬಿಟ್ಟು ಕಿವಿ ಹತ್ತಿರ ತಂದು ನೋಡು, ಸಣ್ಣಗೆ ಚುರುಗುಟ್ಟಿ ಗುಳ್ಳೆ ಏಳುತ್ತದೆ. ಗಪ್ಪಿ, ಮೋಲಿಗಳಿಗೆ ತೊಂದರೆಯಿಲ್ಲ, ಅವು ಗಡಸು ನೀರಿನ ಮೀನುಗಳೇ. ಆದರೂ ಈಗಾಗಲೇ ಸುಣ್ಣ ತುಂಬಿದ ನೀರಿಗೆ ಇನ್ನಷ್ಟು ಏಕೆ? ಗುಳ್ಳೆ ಬಾರದ ಕಪ್ಪು ಕಲ್ಲು ಹುಡುಕು. ಕೆರೆಯ ಗಿಡದಲ್ಲಿ ಬಸವನಹುಳುವಿನ ಮೊಟ್ಟೆ, ಜಿಗಣೆ, ಮೀನುಮರಿಗಳನ್ನು ತಿನ್ನುವ ಕೊಡತಿಹುಳುವಿನ ಮರಿ ಇರುತ್ತವೆ. ತಂದೇ ತರುವುದಾದರೆ ಪೊಟ್ಯಾಸಿಯಂ ಪರ್‌ಮಾಂಗನೇಟ್ ಬೆರೆಸಿದ ತಿಳಿ ಗುಲಾಬಿ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ತೊಳೆದು, ಒಂದು ವಾರ ಬಕೆಟ್‌ನಲ್ಲಿ ಬೇರೆ ಇಟ್ಟು ನೋಡು.

ಪ್ರಶ್ನೆ (ಬೀದರ್):
ನಮ್ಮದು ಗೋಲ್ಡ್‌ಫಿಶ್ ತೊಟ್ಟಿ. ಯಾವ ಗಿಡ?

ಉತ್ತರ:
ಅವು ಗಿಡ ತಿನ್ನುವ ಮೀನು. ಕಲ್ಲಿಗೆ ಕಟ್ಟಿದ ಅನೂಬಿಯಸ್ ಉಳಿಯುವ ಸಂಭವ ಹೆಚ್ಚು. ಇಲ್ಲವೇ ಮನಿ ಪ್ಲಾಂಟ್‌ನ ಬೇರನ್ನು ಮಾತ್ರ ನೀರಿಗೆ ಇಳಿಬಿಡಿ, ಎಲೆ ಹೊರಗಿರಲಿ. ನೀರಿನ ಹೊಲಸಿನಿಂದ ಹುಟ್ಟುವ ನೈಟ್ರೇಟನ್ನು ಅದು ಚೆನ್ನಾಗಿ ಹೀರುತ್ತದೆ.

ಮೊದಲು ಕೇಳಿದ ಗೃಹಿಣಿ, ಐದು ವಾರಗಳ ನಂತರ:
ಸರ್, ವ್ಯಾಲಿಸ್ನೇರಿಯಾದ ಹಳೆಯ ಎಲೆಗಳು ಮೊದಲು ಕರಗಿದವು. ಕಿತ್ತುಹಾಕೋಣವೆಂದರೆ ಮಗ ಬಿಡಲಿಲ್ಲ. ಈಗ ಬುಡದಿಂದ ಒಂದು ಹಂಬು ಮರಳಿನ ಮೇಲೆ ಹರಿದು, ತುದಿಯಲ್ಲಿ ಬೆರಳುದ್ದದ ಸಸಿ ಬಿಟ್ಟಿದೆ. ಮಗ ಶಾಲೆಯಿಂದ ಬಂದವನೇ ಚೀಲ ಇಳಿಸದೆ ಅದನ್ನು ನೋಡಲು ಓಡುತ್ತಾನೆ. ಹಂಬನ್ನು ಕತ್ತರಿಸಬೇಕೇ?

ಉತ್ತರ:
ಬಹಳ ಸಂತೋಷವಾಯಿತು ಅಕ್ಕ. ಮಗನೇ ಸರಿ, ಬೇರು ಹಿಡಿದಿದ್ದರೆ ಅದು ಮತ್ತೆ ಚಿಗುರುತ್ತದೆ. ಮರಿ ಸಸಿ ನಾಲ್ಕೈದು ಎಲೆ ಬಿಟ್ಟು ತಾನೇ ಬೇರೂರುವವರೆಗೆ ಹಂಬು ಹಾಗೆಯೇ ಇರಲಿ, ಆಮೇಲೆ ಕತ್ತರಿಸಿ ಬೇರೆ ಕಡೆ ನೆಡಬಹುದು. ಹೆಚ್ಚಾದುದನ್ನು ಅಕ್ಕಪಕ್ಕದ ಮಕ್ಕಳಿಗೆ ಕೊಡಲು ಹೇಳಿ. ನಮ್ಮ ಕಲಬುರಗಿಯ ಅಪ್ಪನ ಕೆರೆಗೆ ಮಾತ್ರ ಗಿಡವನ್ನೂ ಮೀನನ್ನೂ ಬಿಡುವುದು ಬೇಡ.