ಅಪ್‌ಡೇಟ್: ಡಿಸ್‌ಪ್ಲೇಲಿ 15 ಯೂನಿಟ್, ಮೀಟರ್‌ನಲ್ಲಿ 17

ಮೊದಲು ಕೇಳಿದ್ದು ಇಷ್ಟು: 100 ಕಿ.ಮೀ.ಗೆ ಎಲೆಕ್ಟ್ರಿಕ್ ಕಾರಿನ ಡಿಸ್‌ಪ್ಲೇ 15 ಯೂನಿಟ್ ತೋರಿಸುತ್ತೆ, ಮನೆ ಮೀಟರ್ ಮಾತ್ರ 17 ಓಡಿರುತ್ತೆ. ಪೆಟ್ರೋಲ್ ಜೊತೆ ಹೋಲಿಸೋಕೆ ಯಾವುದನ್ನು ಹಿಡಿಯಬೇಕು? ಉತ್ತರ: ಮೀಟರ್‌ನದ್ದೇ. ದುಡ್ಡು ಕೊಡೋದು ಅದಕ್ಕೆ ತಾನೆ.

ಡಿಸ್‌ಪ್ಲೇ ಲೆಕ್ಕ ಇಡೋದು ಬ್ಯಾಟರಿಯಿಂದ ಹೊರಗೆ ಹೋದದ್ದನ್ನ. ಸಾಕೆಟ್‌ನ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವಾಗ ಕಾರಿನೊಳಗಿನ ಆನ್‌ಬೋರ್ಡ್ ಚಾರ್ಜರ್‌ನಲ್ಲಿ ಶಾಖವಾಗಿ ಹೋದದ್ದು ಅಲ್ಲಿ ಕಾಣಲ್ಲ. ಜೊತೆಗೆ ಚಾರ್ಜ್ ಆಗುವಷ್ಟು ಹೊತ್ತೂ ಕಾರಿನ ಕಂಪ್ಯೂಟರ್, ಕೂಲಂಟ್ ಪಂಪು ಎಚ್ಚರವಾಗಿರುತ್ತವೆ. ಅವು 300 ವ್ಯಾಟ್ ತಿಂದರೆ, 2.3 ಕಿಲೋವ್ಯಾಟ್ ಸಾಕೆಟ್‌ನಲ್ಲಿ ಅದು ಶೇ 13, ಗೋಡೆಗೆ ಹಾಕಿಸುವ 7.4 ಕಿಲೋವ್ಯಾಟ್ ಚಾರ್ಜರ್‌ನಲ್ಲಿ (ವಾಲ್‌ಬಾಕ್ಸ್) ಬರೀ ಶೇ 4. ನಿಧಾನಕ್ಕೆ ಚಾರ್ಜ್ ಮಾಡಿದರೆ ಕರೆಂಟ್ ಉಳಿಯುತ್ತೆ ಅನ್ನೋ ನಂಬಿಕೆ ಇಲ್ಲಿ ತಲೆಕೆಳಗು.

ಪೆಟ್ರೋಲ್ ಕಾರು ಅದೇ ದೂರಕ್ಕೆ 6.5 ಲೀಟರ್ ಕುಡಿಯುತ್ತೆ ಅಂದ್ಕೊಳ್ಳಿ. 6.5ನ್ನು 17ರಿಂದ ಭಾಗಿಸಿದರೆ 0.38. ಒಂದು ಯೂನಿಟ್ ದರ ಒಂದು ಲೀಟರ್ ದರದ ಶೇ 38 ದಾಟಿತೋ, ಇಂಧನದ ಲಾಭ ಖಲಾಸ್. ಹೆದ್ದಾರಿಯ ಫಾಸ್ಟ್ ಚಾರ್ಜರ್‌ಗಳ ದರ ಕೆಲವು ದೇಶಗಳಲ್ಲಿ ಈ ಗೆರೆ ದಾಟುತ್ತೆ. ಅದರ ಮೇಲೆ ವೇಗ ಹೆಚ್ಚಾದ ಹಾಗೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, 17 ಅನ್ನೋದು ಅಲ್ಲಿ ಉಳಿಯಲ್ಲ.

ಆಯಿಲ್, ಸ್ಪಾರ್ಕ್ ಪ್ಲಗ್ ಖರ್ಚು ಇಲ್ಲ, ಸರಿ. ಆದರೆ ತೂಕ, ಟಾರ್ಕ್ (ಚಕ್ರ ತಿರುಗಿಸುವ ಬಲ) ಎರಡೂ ಜಾಸ್ತಿ, ಟೈರ್ ಬೇಗ ಸವೆಯುತ್ತೆ. ಬ್ರೇಕಿನದ್ದು ಉಲ್ಟಾ ತೊಂದರೆ: ವೇಗ ತಗ್ಗಿಸುವಾಗ ಮೋಟರೇ ಕಾರನ್ನು ತಡೆದು ಬ್ಯಾಟರಿಗೆ ಕರೆಂಟ್ ವಾಪಸ್ ಕೊಡೋ ರೀಜೆನ್ ಇರೋದರಿಂದ ಬಳಕೆಯೇ ಕಡಿಮೆ, ಡಿಸ್ಕ್ ತುಕ್ಕು ಹಿಡಿಯುತ್ತೆ, ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್‌ನ ಪಿನ್ ಜಾಮ್ ಆಗುತ್ತೆ. ವರ್ಷಕ್ಕೊಮ್ಮೆ ಪಿನ್ ಬಿಚ್ಚಿ, ಒರೆಸಿ, ಬ್ರೇಕ್ ಗ್ರೀಸ್ ಹಚ್ಚಿಸಿ.